ಐದನೇ ಗುಂಪಿನ ತೂಕ

ಈ ಸಂಗತಿಯನ್ನು ನಾನು ಮನೆಯಲ್ಲಿ ಯಾರಿಗೂ ಪೂರ್ತಿ ಹೇಳಿಲ್ಲ. ಗಂಡನಿಗೆ ಅರ್ಧ ಹೇಳಿದ್ದೆ. ಅದೂ ನನ್ನ ತಪ್ಪು ಎಲ್ಲಿ ಶುರುವಾಗುತ್ತದೋ ಅದಕ್ಕಿಂತ ಮುಂಚೆಯೇ ನಿಲ್ಲಿಸಿಬಿಟ್ಟಿದ್ದೆ. ಅವರು, ಇದರಲ್ಲಿ ನಿನ್ನದೇನಿದೆ ಬಿಡು, ಅಂದರು. ಆ ಮಾತು ಅನ್ನಿಸಿಕೊಳ್ಳುವುದಕ್ಕೇ ಅರ್ಧ ಹೇಳಿದ್ದೆ ಎಂದು ಈಗ ಒಪ್ಪಿಕೊಳ್ಳುತ್ತೇನೆ.

ನಾನು ಮಂಡ್ಯದ ಒಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುತ್ತೇನೆ. ಮನೆ ಅದೇ ಊರಿನ ಗುತ್ತಲಿನಲ್ಲಿ. ಹುಟ್ಟಿದ್ದು ನಿಡಘಟ್ಟದ ಹತ್ತಿರದ ಒಕ್ಕಲು ಮನೆಯಲ್ಲಿ. ತವರಿನಲ್ಲಿ ಇವತ್ತಿಗೂ ಭತ್ತ ಕಬ್ಬು ಎರಡೂ ಬೆಳೆಯುತ್ತಾರೆ. ನನಗೆ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂದು ವಿದ್ಯಾರ್ಥಿಗಳು ಬೆನ್ನ ಹಿಂದೆ ಆಡಿಕೊಳ್ಳುವುದು ಗೊತ್ತಿದೆ. ಆಡಿಕೊಳ್ಳಲಿ. ಪರೀಕ್ಷೆಯಲ್ಲಿ ಕೇಳಿದ್ದೊಂದು, ಬರೆದದ್ದೊಂದು ಆದರೆ ನಾನು ಸುಮ್ಮನೆ ಬಿಡುವವಳಲ್ಲ. ಪ್ರಶ್ನೆ ಓದುವುದಕ್ಕೆ ಬರುವುದಿಲ್ಲವಾ ನಿಮಗೆ ಎಂದು ತರಗತಿಯ ನಡುವೆ ಎಬ್ಬಿಸಿ ನಿಲ್ಲಿಸಿ ಕೇಳುತ್ತೇನೆ.

ಕಳೆದ ವರ್ಷದ ಕೊನೆಯಲ್ಲಿ ಒಂದು ಟ್ರಸ್ಟಿನ ಹಿರಿಯ ಡಾಕ್ಟರು ನನ್ನನ್ನು ಕರೆಸಿದರು. ಸಕ್ಕರೆ ಕಾಯಿಲೆ ಇರುವವರ ಕಾಲು ನೋಡಿಕೊಳ್ಳುವುದಕ್ಕೆಂದು ಆ ಟ್ರಸ್ಟು ಒಬ್ಬ ನರ್ಸನ್ನು ಇಟ್ಟುಕೊಂಡಿತ್ತು. ಮಂಡ್ಯ, ಮದ್ದೂರು, ಮಳವಳ್ಳಿ, ಮೂರು ತಾಲ್ಲೂಕಿಗೂ ಆಕೆ ಒಬ್ಬಳೇ. ಸ್ಕೂಟರಿನ ಮುಂದೆ ಒಂದು ಬಕೆಟ್ಟು, ಸೀಟಿನ ಕೆಳಗೆ ಹತ್ತಿ, ಬಟ್ಟೆಪಟ್ಟಿ, ಔಷಧಿ. ಮನೆ ಮನೆಗೆ ಹೋಗಿ ಅಂಗಾಲು ನೋಡುವುದು, ಆಣಿ ಕೆರೆಯುವುದು, ಉಗುರು ಕತ್ತರಿಸುವುದು, ಗಾಯ ತೊಳೆದು ಕಟ್ಟುವುದು ಆಕೆಯ ಕೆಲಸ. ಕಾಯಿಲೆ ಹಳತಾದ ಮೇಲೆ ಪಾದಕ್ಕೆ ಸ್ಪರ್ಶವೇ ಇರುವುದಿಲ್ಲ. ಮುಳ್ಳು ಮುರಿದುಕೊಂಡಿದ್ದರೂ ನೋಯುವುದಿಲ್ಲ. ನೋವು ಗೊತ್ತಾಗುವ ಹೊತ್ತಿಗೆ ಹುಣ್ಣು ಮೂಳೆ ಮುಟ್ಟಿರುತ್ತದೆ.

ಈಕೆ ಹೋಗಿಬಂದ ಮನೆಯವರಿಗೆ ಇದರಿಂದ ಏನಾದರೂ ಉಪಯೋಗವಾಯಿತೇ? ಟ್ರಸ್ಟಿನ ಸಮಿತಿ ನನ್ನನ್ನು ಕೇಳಿದ್ದು ಇಷ್ಟೇ. ಉಪಯೋಗ ಉಂಟು ಅಂದರೆ ಕೆಲಸ ಮುಂದುವರಿಯುತ್ತದೆ, ಇಲ್ಲ ಅಂದರೆ ನಿಲ್ಲುತ್ತದೆ. ರಿಜಿಸ್ಟರಿನಲ್ಲಿ ಹೆಸರು ಬರೆಸಿದವರು ಬಹಳ ಜನ, ಆಕೆ ಹೋಗಲಾದದ್ದು ಕೆಲವರ ಮನೆಗೆ. ಸುಮ್ಮನೆ ಎರಡು ಸಾಲು ಪಕ್ಕಪಕ್ಕ ಇಟ್ಟು ನೋಡಿದರೆ, ಆಕೆ ಹೋದವರ ಕಾಲೇ ಹೆಚ್ಚು ಕೆಟ್ಟಿತ್ತು. ಸಮಿತಿಯಲ್ಲಿ ಒಬ್ಬಿಬ್ಬರು ಅದನ್ನು ಹಿಡಿದುಕೊಂಡು ನಗಾಡಿದ್ದರಂತೆ. ಆದರೆ ಆಕೆ ಮೊದಲೇ ಕಾಲು ಕೆಟ್ಟವರನ್ನು ಹುಡುಕಿಕೊಂಡು ಹೋಗುತ್ತಿದ್ದಳು. ಅದು ಡಾಕ್ಟರಿಗೂ ಹೊಳೆದಿತ್ತು. ಅದಕ್ಕೇ ನನಗೆ ಕರೆ ಬಂದದ್ದು.

ಇಂಥದ್ದಕ್ಕೆ ನಮ್ಮಲ್ಲಿ ಒಂದು ವಿಧಾನವಿದೆ. ಪ್ರೊಪೆನ್ಸಿಟಿ ಸ್ಕೋರ್ ಅನ್ನುತ್ತಾರೆ; ನಾನು ತರಗತಿಯಲ್ಲಿ ಸಂಭವದ ಅಂಕ ಅನ್ನುತ್ತೇನೆ. ವಯಸ್ಸು, ಕಾಯಿಲೆ ಎಷ್ಟು ವರ್ಷದ್ದು, ಹಿಂದೆ ಹುಣ್ಣಾಗಿತ್ತೇ, ಕೂಲಿಯೋ ಸ್ವಂತ ಜಮೀನೋ, ಬಸ್ಸಿನ ರಸ್ತೆಗೆ ಎಷ್ಟು ದೂರ, ಚಪ್ಪಲಿ ಹಾಕುತ್ತಾರೋ ಇಲ್ಲವೋ, ಇವನ್ನೆಲ್ಲ ಸೇರಿಸಿ, ಒಬ್ಬೊಬ್ಬರ ಮನೆಗೂ ನರ್ಸ್ ಹೋಗುವ ಸಂಭವ ಎಷ್ಟು ಎಂದು ಒಂದು ಅಂಕ ಕೊಡುವುದು. ಆ ಅಂಕದ ಪ್ರಕಾರ ಎಲ್ಲರನ್ನೂ ಕಡಿಮೆಯಿಂದ ಹೆಚ್ಚಿಗೆ ಸಾಲಾಗಿ ನಿಲ್ಲಿಸಿ ಐದು ಸಮನಾದ ಗುಂಪು ಮಾಡುವುದು. ಆಮೇಲೆ ಒಂದೊಂದು ಗುಂಪಿನ ಒಳಗೇ ಆಕೆ ಹೋದವರನ್ನು ಹೋಗದವರ ಜೊತೆ ಹೋಲಿಸುವುದು. ಆಗ ಹುಷಾರಾಗಿರುವವರನ್ನು ತಂದು ಹಾಸಿಗೆ ಹಿಡಿದವರ ಪಕ್ಕ ಕೂರಿಸಿದ ಹಾಗಾಗುವುದಿಲ್ಲ. ಐದು ಗುಂಪಿಗೆ ಐದು ಉತ್ತರ ಬರುತ್ತದೆ. ಅವನ್ನು ಸೇರಿಸಿ ಒಂದು ಉತ್ತರ ಮಾಡುವಾಗ ಯಾವ ಗುಂಪಿಗೆ ಎಷ್ಟು ತೂಕ ಕೊಡಬೇಕು ಎಂಬುದನ್ನು ಲೆಕ್ಕ ಮಾಡುವವರು ತೀರ್ಮಾನಿಸಬೇಕು. ಈ ಕೊನೆಯ ಮೆಟ್ಟಿಲಲ್ಲೇ ನಾನು ಎಡವಿದ್ದು.

ಲೆಕ್ಕಕ್ಕೆ ಕೂರುವ ಮೊದಲು ಒಂದು ದಿನ ಆಕೆಯ ಜೊತೆ ಹೋಗಿದ್ದೆ. ಮಳವಳ್ಳಿಯಿಂದ ಒಳಗೆ ಒಂದು ಹಳ್ಳಿ. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸುವ ಒಲೆಗೆ ಉರಿ ಹಾಕುವ ಕೆಲಸ ಮಾಡುತ್ತಿದ್ದವರೊಬ್ಬರ ಮನೆ. ಐವತ್ತರ ಆಚೆಯ ಮನುಷ್ಯ, ಸ್ವಂತ ಜಮೀನಿಲ್ಲ, ಎರಡು ಸಲ ಹುಣ್ಣಾಗಿ ಮಾಯ್ದಿದ್ದ ಕಾಲು. ನರ್ಸ್ ಜಗುಲಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡಳು. ದಿನಾ ಸಂಜೆ ಗಂಡನ ಅಂಗಾಲಿನ ಕೆಳಗೆ ಕನ್ನಡಿ ಹಿಡಿದು ಬೆರಳುಸಂದಿಯನ್ನೆಲ್ಲ ನೋಡಬೇಕೆಂದು ಹೆಂಡತಿಗೆ ಕಲಿಸಿದ್ದಳು. ನಾನು ಹಾಳೆಯಲ್ಲಿ ಗುರುತು ಹಾಕಿಕೊಳ್ಳುವುದನ್ನು ಕಂಡು ಆತ ನಕ್ಕರು.

“ನಮ್ ಕಾಲ್ನೂ ಲೆಕ್ಕಕ್ ತಕಂಡ್ರಾ ಮೇಡಂ? ಬುಡಿ ಅಂಗಾರೆ, ಇನ್ಮೇಲೆ ಉಸಾರಾಗ್ ಮಡಿಕತೀನಿ,” ಅಂದರು.

ನಾನೂ ನಕ್ಕೆ. ಒಂದು ಅಚ್ಚು ಬೆಲ್ಲವನ್ನು ಕಾಗದದಲ್ಲಿ ಸುತ್ತಿ ಕೊಟ್ಟರು, ಮನೆಗೆ ತೆಗೆದುಕೊಂಡು ಬಂದೆ. ಲೆಕ್ಕದಲ್ಲಿ ಆತ ಐದನೇ ಗುಂಪಿಗೆ ಬಂದರು.

ಐದನೇ ಗುಂಪು ಅಂದರೆ ಇಂಥವರೇ. ಆಕೆ ಹೆಚ್ಚಾಗಿ ಹೋಗುತ್ತಿದ್ದದ್ದು ಇವರ ಮನೆಗಳಿಗೆ. ಒಂದು ನಾಲೆಯ ಸೇತುವೆ ರಿಪೇರಿಗೆಂದು ಕೆಡವಿ ಹಾಗೇ ಬಿಟ್ಟಿದ್ದರಿಂದ ಅದರ ಆಚೆಯ ಹಳ್ಳಿಗಳಿಗೆ ಸ್ಕೂಟರು ಹೋಗುತ್ತಿರಲಿಲ್ಲ. ಹಾಗಾಗಿ ಇಂಥದೇ ಕಷ್ಟದಲ್ಲಿದ್ದೂ ಆಕೆ ಹೋಗಲಾಗದ ಜನ ಹೋಲಿಕೆಗೆ ಸಿಕ್ಕರು. ಆ ಗುಂಪಿನಲ್ಲಿ ಆಕೆ ಹೋದವರ ಕಾಲು ಉಳಿದಿತ್ತು, ಹೋಗದವರದು ಕೆಟ್ಟಿತ್ತು. ವ್ಯತ್ಯಾಸ ಕಣ್ಣಿಗೆ ಹೊಡೆಯುವಷ್ಟಿತ್ತು. ಒಂದನೇ ಗುಂಪಿನಲ್ಲಿ ಗುತ್ತಲಿನ ನಮ್ಮಂಥ ಸಂಬಳದವರು, ಹೆದ್ದಾರಿ ಪಕ್ಕದ ಊರುಗಳ ಜಮೀನಿರುವ ರೈತರು, ಕಾಯಿಲೆ ಹೊಸದಾಗಿ ಶುರುವಾದವರು. ಅವರಲ್ಲಿ ಆಕೆ ಹೋಗಿದ್ದು ಬೆರಳೆಣಿಕೆಯ ಮನೆಗಳಿಗೆ ಮಾತ್ರ. ವಿಚಿತ್ರವೆಂದರೆ ಅಲ್ಲಿ ಲೆಕ್ಕ ತಿರುಗಾಮುರುಗಾ ಬಂತು: ಆಕೆ ಹೋದವರೇ ಕೆಟ್ಟಿದ್ದರು. ಯಾಕೆ ಎಂದು ಒಂದು ಗಳಿಗೆ ಅನ್ನಿಸಿತು. ಅನ್ನಿಸಿದ್ದನ್ನು ಅಲ್ಲೇ ಬಿಟ್ಟೆ.

ಐದು ಗುಂಪಿಗೂ ಸಮನಾಗಿ ಐದರಲ್ಲೊಂದು ತೂಕ ಕೊಟ್ಟೆ. ಪಾಠ ಮಾಡುವಾಗ ಹಾಗೇ ಮಾಡಿ ಅಭ್ಯಾಸ, ಕಂಪ್ಯೂಟರೂ ಏನೂ ಹೇಳದಿದ್ದರೆ ಹಾಗೇ ಮಾಡುತ್ತದೆ. ಒಂದನೇ ಗುಂಪಿನ ನಷ್ಟ, ಐದನೇ ಗುಂಪಿನ ಲಾಭ, ನಡುವಿನವರ ಅತ್ತ ಇತ್ತ, ಎಲ್ಲ ಕೂಡಿ ಕಳೆದು ಹೆಚ್ಚುಕಡಿಮೆ ಸೊನ್ನೆ ಬಂತು. ಮನೆಭೇಟಿಯಿಂದ ಉಪಯೋಗವಾಗಿದೆ ಎನ್ನಲು ಆಧಾರವಿಲ್ಲ ಎಂದು ಬರೆದು ಯುಗಾದಿಗೆ ಮುಂಚೆ ವರದಿ ಕೊಟ್ಟೆ. ಡಾಕ್ಟರು ಸಮಿತಿಯ ಮುಂದೆ, ಲೆಕ್ಕ ಅಂದರೆ ಹೀಗಿರಬೇಕು ನೋಡಿ, ಎಂದು ಹೊಗಳಿದರು. ನನಗೆ ಕೊಂಬು ಬಂದ ಹಾಗಾಯಿತು.

ಆ ಸಭೆಯಲ್ಲಿ ನರ್ಸೂ ಇದ್ದಳು, ಗೋಡೆಗೆ ಒರಗಿಸಿದ್ದ ಕುರ್ಚಿಯಲ್ಲಿ. ನಾನು ತೋರಿಸಿದ ಚಿತ್ರದಲ್ಲಿ ಐದು ಕಂಬ, ಒಂದೊಂದರ ಕೆಳಗೂ ಅದು ಯಾವ ಕಡೆಯವರ ಗುಂಪು, ತೂಕ ಐದರಲ್ಲೊಂದು ಎಂದು ಬರೆದಿತ್ತು. ಎಲ್ಲರೂ ಕಾಫಿಗೆ ಎದ್ದ ಮೇಲೆ ಹತ್ತಿರ ಬಂದಳು.

“ಬೇಜಾರ್ ಮಾಡ್ಕಬೇಡಿ ಮೇಡಂ. ನಾನು ಓಗಿದ್ ಮನೇಲಿ ಏನಾಯ್ತು ಅಂತ ತಾನೆ ಇವ್ರು ಕೇಳಿದ್ದು? ನಾನು ಜಾಸ್ತಿ ಓಗಿದ್ದು ಮಳವಳ್ಳಿ ಕಡೀಕೆ. ಅವ್ರಿಗೂ ಒಂದೇ ಪಾಲು, ನಾನ್ ಓಗೇ ಇಲ್ದಿರೋ ಗುತ್ತಲೋರ್ಗೂ ಒಂದೇ ಪಾಲಾ?”

ಕೇಳಬೇಕಾದ ಪ್ರಶ್ನೆಯೇ ಅದು. ನನ್ನ ವಿದ್ಯಾರ್ಥಿಗಳಲ್ಲಿ ಒಬ್ಬರಾದರೂ ಇಷ್ಟು ನೇರವಾಗಿ ಕೇಳಿದವರಿಲ್ಲ. ಎಲ್ಲರ ಮನೆಗೂ ನರ್ಸ್ ಹೋದರೆ ಸರಾಸರಿ ಏನಾದೀತು ಎಂಬುದು ಒಂದು ಪ್ರಶ್ನೆ. ಹೋದವರಿಗೆ ಏನಾಯಿತು ಎಂಬುದು ಇನ್ನೊಂದು. ಮೊದಲನೆಯದಕ್ಕೆ ಐದೂ ಗುಂಪಿಗೆ ಸಮ ತೂಕ. ಎರಡನೆಯದಕ್ಕೆ, ಆಕೆ ಹೋದವರು ಯಾವ ಗುಂಪಿನಲ್ಲಿ ಎಷ್ಟಿದ್ದಾರೋ ಅಷ್ಟು ತೂಕ. ಸಮಿತಿ ಕೇಳಿದ್ದು ಎರಡನೆಯದು, ನಾನು ಉತ್ತರ ಬರೆದಿದ್ದು ಮೊದಲನೆಯದಕ್ಕೆ. ಆಗ ಅದು ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆಯುವುದಕ್ಕೆ ನಾನು ಬಿಡಲಿಲ್ಲ. ಹತ್ತು ಜನ ಹೊಗಳಿದ ಐದೇ ನಿಮಿಷಕ್ಕೆ ಈಕೆ ಬಂದು ತಪ್ಪು ಹುಡುಕುವುದೇ ಎಂದು ಕೋಪ ಬಂತು. ಇದಕ್ಕೆಲ್ಲ ಒಂದು ಶಾಸ್ತ್ರ ಇದೆಯಮ್ಮ, ಹೇಳಿದರೆ ನಿಮಗೆ ಅರ್ಥ ಆಗೋದಿಲ್ಲ, ಅಂದುಬಿಟ್ಟೆ. ಆಕೆ ತಲೆಯಾಡಿಸಿ ಹೋದಳು. ಯುಗಾದಿ ಆದ ತಿಂಗಳಿಗೆ ಮನೆಭೇಟಿ ನಿಂತಿತು.

ಶ್ರಾವಣದಲ್ಲಿ ತವರಿಗೆ ಹೋಗಿದ್ದೆ. ನಾಟಿ ನಡೆಯುತ್ತಿತ್ತು. ಗದ್ದೆಯ ಬದುವಿನ ಹತ್ತಿರ ಹೋದವಳು ಯೋಚನೆಯೇ ಇಲ್ಲದೆ ಚಪ್ಪಲಿ ಬಿಟ್ಟೆ. ಬಿಟ್ಟು ನೋಡಿದರೆ ಅಲ್ಲಿ ಆಗಲೇ ಸಾಲಾಗಿ ಅಣ್ಣನದು, ಅತ್ತಿಗೆಯದು, ಆಳುಗಳದು. ನಮ್ಮ ಕಡೆ ಗದ್ದೆಗೆ ಯಾರೂ ಚಪ್ಪಲಿ ಹಾಕಿ ಇಳಿಯುವುದಿಲ್ಲ. ಅಣ್ಣನಿಗೂ ಸಕ್ಕರೆ ಕಾಯಿಲೆ ಇದೆ, ಆತನ ಹೆಸರೂ ಅದೇ ರಿಜಿಸ್ಟರಿನಲ್ಲಿತ್ತು. ಬರಿಗಾಲಲ್ಲಿ ಕೆಸರಲ್ಲಿ ನಿಂತಿದ್ದವನನ್ನು, ಚಪ್ಪಲಿ ಹಾಕ್ತೀರಾ ಅಂತ ಫಾರಂನಲ್ಲಿ ಕೇಳಿದರಲ್ಲ, ಏನು ಹೇಳಿದೆ ಎಂದು ಕೇಳಿದೆ.

“ಆಕತೀನಿ ಅಂದೆ. ಮತ್ತೆ, ಬರಿಗಾಲಲ್ ಮಂಡ್ಯಕ್ ಬತ್ತೀನಾ?” ಅಂದ. ಗದ್ದೆಗೆ ಅಂದರೆ, “ಭೂಮ್ತಾಯಿ ಮ್ಯಾಲೆ ಯಾರಾರ ಚಪ್ಪಲಿ ಮೆಟ್ತಾರಾ ಕಣವ್ವ? ಓದಿದೋಳು ನೀನೇ ಇಂಗ್ ಕೇಳ್ತೀಯಲ್ಲ,” ಎಂದು ಛೇಡಿಸಿದ.

ಆಗ ಹೊಳೆಯಿತು. ಫಾರಂ ತುಂಬಿದ ಪ್ರತಿಯೊಬ್ಬ ರೈತನೂ ಚಪ್ಪಲಿ ಹಾಕುತ್ತೇನೆ ಎಂದೇ ಹೇಳಿರುತ್ತಾನೆ, ಸುಳ್ಳಲ್ಲ ಅದು. ಹಾಗಾಗಿ ನನ್ನ ಒಂದನೇ ಗುಂಪಿನಲ್ಲಿ, ವರ್ಷಗಟ್ಟಲೆ ಮಣ್ಣು ಮುಟ್ಟದ ಗುಮಾಸ್ತರ ಕಾಲೂ ದಿನವಿಡೀ ಕೆಸರಲ್ಲಿರುವ ಕಾಲೂ ಒಂದೇ ಎಂದು ಸೇರಿಕೊಂಡಿದ್ದವು. ಆ ಗುಂಪಿನಲ್ಲಿ ನರ್ಸನ್ನು ಕರೆಸಿಕೊಂಡವರು ಯಾರು? ಗದ್ದೆಯಲ್ಲಿ ಏನೋ ಚುಚ್ಚಿ, ಮನೆಮದ್ದು ಹಚ್ಚಿ, ಕಾಲು ಊದಿದ ಮೇಲೆ ಫೋನ್ ಮಾಡಿದವರು. ಲೆಕ್ಕ ತಿರುಗಾಮುರುಗಾ ಬಂದದ್ದು ಅದಕ್ಕೆ. ಇದು ಊರ ಹೊರಗಿನವರಿಗೆ ತಿಳಿಯದಿದ್ದರೆ ಸರಿ. ನಾನೇ ಹುಟ್ಟಿದಾಗಿನಿಂದ ಆ ಬದುವಿನಲ್ಲಿ ಚಪ್ಪಲಿ ಬಿಡುತ್ತಾ ಬಂದವಳು.

ಮಾರನೆಯ ದಿನ ಮಧ್ಯಾಹ್ನ ಗುತ್ತಲಿನ ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತೆ. ಗುಂಪುಗಳನ್ನು ಹಾಗೇ ಇಟ್ಟು ತೂಕ ಮಾತ್ರ ಬದಲಾಯಿಸಿದೆ: ಆಕೆ ಹೋದವರು ಎಲ್ಲಿ ಎಷ್ಟೋ ಅಷ್ಟು. ಒಂದನೇ ಗುಂಪಿನ ತೂಕ ಇಲ್ಲವೆನ್ನುವಷ್ಟಾಯಿತು, ಐದನೆಯದೇ ದೊಡ್ಡ ಪಾಲು. ಉತ್ತರ ಬದಲಾಯಿತು. ಆಕೆ ಹೋದವರಿಗೆ ಉಪಯೋಗವಾಗಿತ್ತು, ಅನುಮಾನಕ್ಕೆ ಜಾಗವಿಲ್ಲದ ಹಾಗೆ ಆಗಿತ್ತು. ಕಾಲು ಗಂಟೆಯ ಕೆಲಸ ಅಷ್ಟೇ ಅದು.

ಅವತ್ತೇ ಡಾಕ್ಟರಿಗೆ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ನಾಳೆ ಮಾಡೋಣ, ಇನ್ನೊಂದು ಸಲ ಪರೀಕ್ಷಿಸೋಣ, ಬರವಣಿಗೆಯಲ್ಲೇ ಕೊಡೋಣ ಎಂದು ನನಗೆ ನಾನೇ ಹೇಳಿಕೊಂಡೆ. ನಿಜವಾದ ಕಾರಣ ಬೇರೆ. ಆ ಡಾಕ್ಟರು ಗಣೇಶನ ಹಬ್ಬ ಕಳೆದ ಮೇಲೆ ಒಂದು ವೈದ್ಯರ ಸಮಾವೇಶದಲ್ಲಿ ಇದೇ ವರದಿಯ ಬಗ್ಗೆ ಮಾತಾಡಲು ನನ್ನನ್ನು ಕರೆದಿದ್ದರು. ಆಹ್ವಾನಪತ್ರಿಕೆಯಲ್ಲಿ ಹೆಸರು ಅಚ್ಚಾಗಿತ್ತು. ನಾನು ಹೋದೆ. ಗೊತ್ತಿದ್ದೂ ಅದೇ ಐದು ಕಂಬದ ಚಿತ್ರ ತೋರಿಸಿದೆ, ಅದೇ ಸೊನ್ನೆಯನ್ನು ಹೇಳಿದೆ. ಶಾಲು ಹೊದಿಸಿದರು, ಹೊದ್ದುಕೊಂಡೆ. ಥೂ, ನನ್ನ ಜನ್ಮಕ್ಕೆ. ಲೆಕ್ಕ ತಪ್ಪುವುದು ಯಾರಿಗೂ ಆಗುತ್ತದೆ, ಆದರೆ ಅಲ್ಲಿ ನಿಂತು ನಾನು ಮಾಡಿದ್ದು ಲೆಕ್ಕದ ತಪ್ಪಲ್ಲ.

ದಸರಾ ರಜೆಯಲ್ಲಿ ಮದ್ದೂರು ಬಸ್‌ ಸ್ಟ್ಯಾಂಡಿನಲ್ಲಿ ನರ್ಸ್ ಸಿಕ್ಕಿದಳು. ಸೋಮನಹಳ್ಳಿಯ ಯಾವುದೋ ಕಾರ್ಖಾನೆಯ ಕೆಲಸಗಾರರಿಗೆ ಗಾಯಕ್ಕೆ ಪಟ್ಟಿ ಕಟ್ಟುವ ಕೆಲಸ ಹಿಡಿದಿದ್ದಳು. ನನ್ನನ್ನು ಕಂಡು ತಾನಾಗಿಯೇ ಬಂದು ಮಾತಾಡಿಸಿದಳು, ಮುಖದಲ್ಲಿ ಯಾವ ಮುನಿಸೂ ಇರಲಿಲ್ಲ. ಅವಳೇ ವಿಷಯ ಹೇಳಿದ್ದು. ಆಲೆಮನೆಯ ಆ ಮನುಷ್ಯ ಒಲೆಯ ಬಾಯಿಯ ಹತ್ತಿರ ಕೆಂಡ ತುಳಿದಿದ್ದರಂತೆ. ಸ್ಪರ್ಶವಿಲ್ಲದ ಕಾಲು, ಗೊತ್ತಾಗಿಲ್ಲ. ಹೆಂಡತಿ ಬೊಬ್ಬೆ ನೋಡಿ ಇವಳಿಗೆ ಫೋನ್ ಮಾಡಿದ್ದಾಳೆ. ಇವಳು ಕಾರ್ಖಾನೆಯಲ್ಲಿ ರಜ ಕೇಳಿ, ಸಿಕ್ಕದೆ, ಒಂದು ಭಾನುವಾರ ಹೋಗಿ ನೋಡುವ ಹೊತ್ತಿಗೆ ಪಾದ ಕಪ್ಪಾಗಿತ್ತು. ಮೈಸೂರಿಗೆ ಕರೆದುಕೊಂಡು ಹೋಗಿ ಮೊಣಕಾಲ ಕೆಳಗೆ ತೆಗೆಸಿದ್ದಾರೆ.

ಗಾಯ ಯಾವಾಗ ಆಯಿತು ಎಂದು ಕೇಳಿದೆ. ಗೌರಿ ಹಬ್ಬ ಆದ ವಾರಕ್ಕೆ, ಅಂದಳು. ನಾನು ಸರಿಯಾದ ಉತ್ತರ ಕಂಡಿದ್ದು ಶ್ರಾವಣದಲ್ಲಿ. ಶಾಲು ಹೊದ್ದ ವಾರ ಆತ ಆ ಗಾಯದ ಕಾಲಲ್ಲೇ ಓಡಾಡುತ್ತಿದ್ದರು. ಪಾಪ, ಎಂದೆ. ಬಸ್ಸು ಬಂತು, ಹತ್ತಿ ಕೂತೆ. ಮಂಡ್ಯ ಬರುವವರೆಗೂ ಕಿಟಕಿಯ ಕಡೆ ಮುಖ ಮಾಡಿಕೊಂಡಿದ್ದೆ, ಅಳುವುದು ಪಕ್ಕದವರಿಗೆ ಕಾಣಬಾರದೆಂದು.

ಮರುದಿನ ಬೆಳಿಗ್ಗೆ ಡಾಕ್ಟರ ಮನೆಗೆ ಹೋಗಿ ಎಲ್ಲ ಹೇಳಿದೆ, ಶ್ರಾವಣದ ಮಧ್ಯಾಹ್ನವನ್ನೂ ಸೇರಿಸಿ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸಿಕೊಂಡು, ಈ ವರ್ಷದ ದುಡ್ಡೆಲ್ಲ ಬೇರೆ ಕೆಲಸಕ್ಕೆ ಗೊತ್ತುಮಾಡಿ ಆಗಿದೆಯಲ್ಲಮ್ಮ, ಬರೆದು ಕೊಡು, ಮುಂದಿನ ಸಭೆಯಲ್ಲಿ ಇಡೋಣ, ಅಂದರು. ಬರೆದು ಕೊಟ್ಟೆ. ಆಮೇಲೆ ನರ್ಸಿಗೆ ಫೋನ್ ಮಾಡಿ, ನೀವು ಅವತ್ತು ಕೇಳಿದ್ದೇ ಸರಿ, ನನ್ನದು ತಪ್ಪು, ಎಂದೆ.

“ಆವತ್ತೇ ಅಂದಿದ್ರೆ ಆಗಿತ್ತಲ್ಲ ಮೇಡಂ,” ಅಂದಳು, ಅಷ್ಟೇ. ದನಿ ಏರಿರಲಿಲ್ಲ.

ಅಲ್ಲಿಗೆ ಮುಗಿಸಬಹುದಿತ್ತು. ಆದರೆ ಮಳವಳ್ಳಿಯ ಆ ಮನೆಗೆ ಹೋಗದೆ ಇರಲಾಗಲಿಲ್ಲ. ಏನು ಕೊಂಡೊಯ್ಯಬೇಕೆಂದೂ ತಿಳಿಯದೆ ದಾರಿಯಲ್ಲಿ ದಾಳಿಂಬೆ ತೆಗೆದುಕೊಂಡೆ, ಮೂಸಂಬಿ ಆದರೆ ಸಿಹಿ ಹೆಚ್ಚೇನೋ ಎಂದು ಅಂಗಡಿಯಲ್ಲಿ ನಿಂತು ಲೆಕ್ಕ ಹಾಕಿ. ಆತ ಒಳಗೆ ಮಲಗಿದ್ದರು. ಹೊದಿಕೆಯ ಕೆಳಗೆ ಒಂದು ಕಡೆ ಅರ್ಧಕ್ಕೇ ಚಪ್ಪಟೆಯಾಗಿತ್ತು. ನನ್ನ ಗುರುತು ಹತ್ತಲಿಲ್ಲ. ಹೆಂಡತಿಗೆ ಹತ್ತಿತು, ಅವತ್ತು ನರ್ಸಮ್ಮನ ಜೊತೆ ಬಂದಿದ್ದೋರು ಎಂದು ಗಂಡನಿಗೆ ಹೇಳಿ, ಚಾಪೆ ಹಾಸಿ, ಟೀಗೆ ನೀರಿಡಲು ಹೊರಟರು. ಬೇಡಮ್ಮ, ಕೂತುಕೊಳ್ಳಿ ಎಂದೆ.

ನರ್ಸ್ ಬರುವುದರಿಂದ ಪ್ರಯೋಜನವಿಲ್ಲ ಎಂದು ಬರೆದುಕೊಟ್ಟವಳು ನಾನೇ ಎಂದೆ. ಅದು ತಪ್ಪೆಂದು ಆಮೇಲೆ ಗೊತ್ತಾಯಿತು, ಗೊತ್ತಾಗಿಯೂ ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ, ಎಂದೆ. ಗುಂಪು, ತೂಕ ಯಾವುದನ್ನೂ ಹೇಳಲಿಲ್ಲ. ಅಲ್ಲಿ ಅದನ್ನು ಹೇಳಿದ್ದರೆ ಅದರ ಹಿಂದೆ ಅಡಗಿಕೊಂಡ ಹಾಗಾಗುತ್ತಿತ್ತು. ಆಕೆ ಸೆರಗಿನ ತುದಿ ಹಿಡಿದುಕೊಂಡು ನೆಲ ನೋಡುತ್ತಾ ಕೇಳಿಸಿಕೊಂಡರು. ಉಗಿಯುತ್ತಾರೆ, ಎದ್ದು ಹೋಗು ಅನ್ನುತ್ತಾರೆ ಎಂದು ಕಾದೆ. ಅದನ್ನು ಕೇಳಿಸಿಕೊಳ್ಳುವುದಕ್ಕೇ ಅಷ್ಟು ದೂರ ಹೋಗಿದ್ದೆ ಅನ್ನಿಸುತ್ತದೆ.

ಅವರು ತಲೆಯೆತ್ತಿ ಕೇಳಿದ್ದು ಒಂದೇ ಮಾತು.

“ಅಂಗಾರೆ ಈಗ ಬತ್ತಾರಾ ನರ್ಸಮ್ಮ? ಇನ್ನೊಂದ್ ಕಾಲು ಅದೆ ಅಲ್ವಾ.”

ಮುಂದಿನ ಸಭೆಯಲ್ಲಿ ಇಡುತ್ತಾರಂತೆ ಎಂದೆ.